ಸೊನ್ನೆ ಕೊಟ್ಟರೆ ಕೂಗುತ್ತದೆ, 16 ಕೊಟ್ಟರೆ ಬರೆದಿಟ್ಟು ಸುಮ್ಮನಾಗುತ್ತದೆ

‘ಪಾಯಿಂಟರ್ ಆರ್ ಪ್ಯಾರಾಮೀಟರ್ ಎರರ್’ ಎಂದು ಮಷಿನ್ ಹೇಳಿದರೆ ಪಾಯಿಂಟರ್ ಇರುವ ಸಾಲಿಗೆ ಓಡಬೇಡಿ. ಅದಕ್ಕಿಂತ ಸ್ವಲ್ಪ ಮೇಲೆ ಯಾವ ಎಪಿಐ (ಸಿಸ್ಟಮ್ ಒದಗಿಸುವ ಸಿದ್ಧ ಪ್ರೋಗ್ರಾಮ್) ಕರೆದಿದ್ದೀರಿ, ಮೊದಲು ಅದನ್ನು ನೋಡಿ. ಅದರ ಕೊನೆಯ ಪ್ಯಾರಾಮೀಟರ್‌ನಲ್ಲಿ ಏನು ಕೊಟ್ಟಿದ್ದೀರಿ ನೋಡಿ. ಕಾರಣ ಬಹಳ ಸಲ ಅಲ್ಲೇ ಕೂತಿರುತ್ತದೆ.

ಇದು ಐಬಿಎಂ ಐ ಎಂಬ ಬಿಸಿನೆಸ್ ಸಿಸ್ಟಮ್ ಮೇಲೆ ಆರ್‌ಪಿಜಿ ಎಂಬ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವವರಿಗಾಗಿ. ಕನ್ನಡ ಓದುವವರಲ್ಲಿ ನಾವು ಎಷ್ಟು ಜನ ಇದ್ದೇವೋ! ನಾನಂತೂ ಬೆಳಗಾವಿಯ ಟಿಳಕವಾಡಿಯಲ್ಲಿ, ಮನೆಯ ಮೇಲಿನ ಕೋಣೆಯಲ್ಲಿ ಕೂತು ಇದೇ ಕೆಲಸ ಮಾಡುತ್ತೇನೆ. ಕ್ಲೈಂಟ್ ಅಮೆರಿಕದವರು. ಅವರ ರಾತ್ರಿ ಬ್ಯಾಚ್ ಓಡುವ ಹೊತ್ತಿಗೆ ನಮ್ಮಲ್ಲಿ ನಾಷ್ಟಾ ಹೊತ್ತು. ಅವಲಕ್ಕಿ ತಟ್ಟೆ ಒಂದು ಕೈಯಲ್ಲಿ, ಗ್ರೀನ್ ಸ್ಕ್ರೀನ್ ಎದುರಿಗೆ. ಪಕ್ಕದ ಮನೆಯ ಕಾಕಾ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಈ ಮಷಿನ್‌ನ ಹಳೆ ಹೆಸರಾದ ಎಎಸ್ 400 ಅಂದರೆ ಯಾವುದೋ ಲೇತ್ ಮಾಡೆಲ್ ಇರಬೇಕೆಂದು ಬಹಳ ದಿನ ಅಂದುಕೊಂಡಿದ್ದರು. ಹೆಸರು ಕೇಳಿದರೆ ಹಾಗೇ ಅನ್ನಿಸುತ್ತದೆ ಬಿಡಿ. ಆ ಮಷಿನ್ ಬಂದದ್ದು 1988ರಲ್ಲಿ. ಆರ್‌ಪಿಜಿ ಭಾಷೆ ಅದಕ್ಕಿಂತ ಹಳೆಯದು, 1959ರದ್ದು. ‘ಐ’ ಎಂಬ ಹೆಸರು ಬಂದದ್ದು 2008ರಲ್ಲಿ. ನಾವೆಲ್ಲ ಈಗಲೂ ಎಎಸ್ 400 ಅಂತಲೇ ಅನ್ನುತ್ತೇವೆ.

ನಮ್ಮ ಟೀಮಿನಲ್ಲಿ ಬೈಲಹೊಂಗಲದ ಒಬ್ಬ ಹುಡುಗ ಇದ್ದಾನೆ. ಲಿನಕ್ಸ್, ಸಿ ಎಲ್ಲ ಓದಿಕೊಂಡು ಬಂದವನು. ಚುರುಕು. ಕ್ಲೈಂಟ್‌ನ ಬ್ಯಾಕಪ್ ಮಷಿನ್ ಮೇಲೆ ಡ್ರಿಲ್ ನಡೆದ ದಿನ ಒಂದು ರಿಪೋರ್ಟ್ ಜಾಬ್ ಎಂಎಸ್‌ಜಿಡಬ್ಲ್ಯೂ ಸ್ಥಿತಿಗೆ, ಅಂದರೆ ಮೆಸೇಜ್‌ಗೆ ಉತ್ತರ ಕಾಯುವ ಸ್ಥಿತಿಗೆ, ಹೋಗಿ ಕೂತಿತು. ಆ ಜಾಬ್ ಕ್ಯೂನಲ್ಲಿ ಒಂದು ಸಲಕ್ಕೆ ಒಂದೇ ಜಾಬ್ ಓಡುತ್ತದೆ. ಹಾಗಾಗಿ ಹಿಂದೆ ಉದ್ದ ಸಾಲು. ಮೆಸೇಜ್ ಆರ್‌ಎನ್‌ಕ್ಯೂ 0222, ಅದೇ ‘ಪಾಯಿಂಟರ್ ಆರ್ ಪ್ಯಾರಾಮೀಟರ್ ಎರರ್’, ಉತ್ತರಕ್ಕೆ ಸಿ, ಜಿ, ಡಿ, ಎಫ್. ಅಲ್ಲಿನ ಆಪರೇಟರ್ ಸಿ ಒತ್ತಿ ಜಾಬ್ ಮುಗಿಸಿದರು. ಹುಡುಗ ಅಂದೆಲ್ಲ ಪಾಯಿಂಟರ್ ಹಿಂದೆ ಬಿದ್ದ. ಸಂಜೆ ಫೋನ್ ಮಾಡಿದ.

“ಅಕ್ಕಾರ, ಪಾಯಿಂಟರ್ ಎಲ್ಲಾ ಬರೋಬರಿ ಅದಾವ್ರಿ. ಡಿಕ್ಲೇರೂ ಸರಿ ಐತಿ. ಆದ್ರೂ ಅಲ್ಲೇ ಬೀಳ್ತೈತ್ರಿ.”

“ಪಾಯಿಂಟರ್ ಬಿಡಪಾ. ಯೂಸರ್ ಸ್ಪೇಸ್ ಮಾಡೋ ಎಪಿಐ ಕರ್ದಿ ಅಲ್ಲಾ, ಅದಾದ ಮ್ಯಾಲೆ ಎರರ್ ಕೋಡ್‌ನ್ಯಾಗ ಎರಡನೇ ನಂಬರ್ ಎಷ್ಟೈತಿ?”

ಡೀಬಗ್ ಹಾಕಿ ನೋಡಿದ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಸೊನ್ನಿ ಇಲ್ರಿ” ಅಂದ. ಅದರ ಮುಂದೆಯೇ ಸಿಪಿಎಫ್ 9810 ಎಂದು ಬರೆದಿತ್ತು. ಲೈಬ್ರರಿ (ಈ ಮಷಿನ್‌ನ ಫೋಲ್ಡರ್ ಇದ್ದ ಹಾಗೆ) ಇಲ್ಲ ಎಂದು ಅದರ ಅರ್ಥ. ಬ್ಯಾಕಪ್ ಮಷಿನ್ ಮೇಲೆ ಆ ಲೈಬ್ರರಿಯನ್ನೇ ಯಾರೂ ಮಾಡಿರಲಿಲ್ಲ.

ಏನಾಗಿತ್ತು ನೋಡಿ. ಮೊದಲ ಎಪಿಐ ಯೂಸರ್ ಸ್ಪೇಸ್, ಅಂದರೆ ಡೇಟಾ ತುಂಬಿಡುವ ಜಾಗ, ಮಾಡಲು ಹೋಗಿ ಸೋತಿತು. ಎರಡನೆಯದು ಅದೇ ಸ್ಪೇಸ್‌ಗೆ ಆಬ್ಜೆಕ್ಟ್ (ಫೈಲ್, ಪ್ರೋಗ್ರಾಮ್ ಇಂಥವು) ಪಟ್ಟಿ ತುಂಬಲು ಹೋಗಿ ಸೋತಿತು. ಮೂರನೆಯದು ಅದರ ಪಾಯಿಂಟರ್ ತರಲು ಹೋಗಿ ಬರಿಗೈಲಿ ಬಂತು. ಮೂರೂ ತಮ್ಮ ಸೋಲನ್ನು ಚೊಕ್ಕವಾಗಿ ಎರರ್ ಕೋಡ್‌ನಲ್ಲಿ ಬರೆದಿಟ್ಟಿದ್ದವು. ಪ್ರೋಗ್ರಾಮ್ ಒಂದನ್ನೂ ಓದಲಿಲ್ಲ. ಪಾಯಿಂಟರ್ ನಲ್ (ಖಾಲಿ) ಆಗಿಯೇ ಉಳಿದಿತ್ತು. ಅದರ ಮೇಲೆ ನಿಂತಿದ್ದ ಹೆಡರ್ ಮುಟ್ಟಿದ ಕೂಡಲೇ, ಪಾಯಿಂಟರ್‌ನಲ್ಲಿ ಏನೂ ಇಲ್ಲ ಎನ್ನುವ ಎಂಸಿಎಚ್ 3601 ಬಂತು. ಆರ್‌ಪಿಜಿ ಅದನ್ನು 222 ಎಂಬ ಸ್ಟೇಟಸ್ ಆಗಿ ತೋರಿಸಿತು. ಆ ಕೋಡ್ ಬರೆದವರು ಈಗ ಅಲ್ಲಿ ಇಲ್ಲ. ಬರೆದ ದಿನದಿಂದ ಡ್ರಿಲ್ ನಡೆಯುವವರೆಗೆ ಲೈಬ್ರರಿ ಇದ್ದೇ ಇತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಈ ಎರರ್ ಕೋಡ್ ಎಂಬುದು ಒಂದು ಸಣ್ಣ ಡೇಟಾ ಸ್ಟ್ರಕ್ಚರ್. ಮೊದಲ 4 ಬೈಟ್‌ಗೆ ‘ಬೈಟ್ಸ್ ಪ್ರೊವೈಡೆಡ್’ ಎನ್ನುತ್ತಾರೆ. ಅದು ನಾವು ತುಂಬಿ ಕೊಡುವುದು. ಮುಂದಿನ 4 ‘ಬೈಟ್ಸ್ ಅವೈಲಬಲ್’, ಅದನ್ನು ಎಪಿಐ ತುಂಬುತ್ತದೆ. ಆಮೇಲೆ 7 ಅಕ್ಷರದ ಎಕ್ಸೆಪ್ಶನ್ ಐಡಿ. ಒಂದು ಬೈಟ್ ಖಾಲಿ. ಒಟ್ಟು 16. ಅದರ ಹಿಂದೆ ಎಕ್ಸೆಪ್ಶನ್ ಡೇಟಾ, ಅಂದರೆ ಮೆಸೇಜ್‌ನಲ್ಲಿ ಖಾಲಿ ಬಿಟ್ಟ ಜಾಗಕ್ಕೆ ತುಂಬಬೇಕಾದ ಹೆಸರುಗಳು. ಅದಕ್ಕೆ ಎಷ್ಟು ಜಾಗ ಇಡಬೇಕು ಎನ್ನುವುದು ನಮಗೆ ಬಿಟ್ಟದ್ದು. ನಾನು 256 ಇಡುತ್ತೇನೆ.

ಎಲ್ಲಾ ಆಟ ಆ ಮೊದಲ ನಂಬರ್‌ನಲ್ಲೇ ಇದೆ. ಅಲ್ಲಿ 0 ಇಟ್ಟರೆ, ತಪ್ಪಾದಾಗ ಎಪಿಐ ಎಸ್ಕೇಪ್ ಮೆಸೇಜ್ ಕಳಿಸುತ್ತದೆ. ನೀವು ಹಿಡಿಯದಿದ್ದರೆ ಪ್ರೋಗ್ರಾಮ್ ಅಲ್ಲೇ, ಆ ಸಾಲಿನಲ್ಲೇ ನಿಲ್ಲುತ್ತದೆ. 8 ಅಥವಾ ಜಾಸ್ತಿ ಇಟ್ಟರೆ ಅದು ಕೂಗುವುದಿಲ್ಲ. ಏನಾಯ್ತು ಎಂದು ಸ್ಟ್ರಕ್ಚರ್‌ನಲ್ಲಿ ಬರೆದು ವಾಪಸ್ ಬರುತ್ತದೆ. ಬರೀ 8 ಇಟ್ಟರೆ ತಪ್ಪಾಯ್ತು ಎಂದು ಮಾತ್ರ ಗೊತ್ತಾಗುತ್ತದೆ. ಐಡಿ ಬರೆಯಲು ಜಾಗ ಇಲ್ಲವಲ್ಲ! 1ರಿಂದ 7ರ ನಡುವೆ ಏನಾದರೂ ಇಟ್ಟರೆ ನಿಮ್ಮ ಎರರ್ ಕೋಡೇ ಸರಿಯಿಲ್ಲ ಎಂದು ಸಿಪಿಎಫ್ 3ಸಿಎಫ್1 ಬರುತ್ತದೆ. ಕರೆದ ಮೇಲೆ ಬೈಟ್ಸ್ ಅವೈಲಬಲ್ 0 ಇದ್ದರೆ ಕೆಲಸ ಆಯ್ತು. ಜಾಸ್ತಿ ಇದ್ದರೆ ಇಲ್ಲ.

16 ಇಟ್ಟು ಓದದೇ ಇರುವುದು, ಗ್ಯಾಸ್ ಸಿಲಿಂಡರ್‌ನವನು ‘ಬಂದಿದ್ದೆ, ಬೀಗ ಇತ್ತು’ ಎಂದು ಬರೆದು ಬಾಗಿಲಿಗೆ ಸಿಕ್ಕಿಸಿ ಹೋದ ಚೀಟಿಯನ್ನು ತೆಗೆಯದೆ, ಸಿಲಿಂಡರ್ ಬಂದಿದೆ ಎಂದುಕೊಂಡು ಒಲೆ ಹಚ್ಚಲು ಹೋದ ಹಾಗೆ. ಅವನು ತನ್ನ ಕೆಲಸ ಸರಿಯಾಗೇ ಮಾಡಿದ್ದಾನೆ.

ನನ್ನ ಅಭಿಪ್ರಾಯ ಸ್ಪಷ್ಟ. ತಪ್ಪಾದಾಗ ನಿಮ್ಮ ಪ್ರೋಗ್ರಾಮ್ ಏನೋ ಒಂದು ಮಾಡುವುದಿದ್ದರೆ ಮಾತ್ರ 16 ಅಥವಾ ಜಾಸ್ತಿ ಕೊಡಿ. ಮಾಡುವುದು ಏನೂ ಇಲ್ಲದಿದ್ದರೆ 0 ಕೊಡಿ. ಹಲವರು ಇದಕ್ಕೆ ಉಲ್ಟಾ ಮಾಡುತ್ತಾರೆ. ಪ್ರೋಗ್ರಾಮ್ ‘ಬೀಳಬಾರದು’ ಎಂಬ ಹೆದರಿಕೆ. ಬೀಳಲಿ ಬಿಡಿ! ಲೈಬ್ರರಿ ಇಲ್ಲ ಎಂದು ಮೊದಲ ಸಾಲಿನಲ್ಲೇ ಬಿದ್ದಿದ್ದರೆ, ಆರ್‌ಎನ್‌ಕ್ಯೂ 0202 ಮೆಸೇಜ್ ಬಂದಿರುತ್ತಿತ್ತು. ಯಾವ ಪ್ರೋಗ್ರಾಮ್ ಕರೆದಾಗ ಸೋತಿತು ಎಂದು ಅದರಲ್ಲೇ ಹೆಸರು ಇರುತ್ತದೆ. ಜಾಬ್‌ಲಾಗ್‌ನಲ್ಲಿ (ಜಾಬ್‌ನ ಮೆಸೇಜ್‌ಗಳ ದಾಖಲೆಯಲ್ಲಿ) ಅದರ ಮೇಲೆಯೇ ಸಿಪಿಎಫ್ 9810, ಲೈಬ್ರರಿ ಹೆಸರಿನ ಸಮೇತ. ಆಪರೇಟರ್‌ಗೂ ಅರ್ಥ ಆಗುತ್ತಿತ್ತು, ನನಗೆ ಫೋನೂ ಬರುತ್ತಿರಲಿಲ್ಲ.

ಕೆಲವು ಎಪಿಐಗಳಲ್ಲಿ ಎರರ್ ಕೋಡ್ ಬೇಕಾದರೆ ಕೊಡಿ, ಇಲ್ಲವಾದರೆ ಬಿಡಿ ಎಂಬ ಗುಂಪಿನಲ್ಲಿ ಇರುತ್ತದೆ. ಬಿಟ್ಟರೆ 0 ಕೊಟ್ಟ ಹಾಗೇ, ಕೂಗುತ್ತದೆ. ಆದರೆ ಗುಂಪಿನಲ್ಲಿ ಒಂದನ್ನು ಕೊಟ್ಟರೆ ಎಲ್ಲವನ್ನೂ ಕೊಡಬೇಕು. ಯೂಸರ್ ಸ್ಪೇಸ್ ಮಾಡುವ ಎಪಿಐನಲ್ಲಿ ‘ರಿಪ್ಲೇಸ್’ ಮತ್ತು ಎರರ್ ಕೋಡ್ ಒಂದೇ ಗುಂಪು. ಒಂದು ಬೇಕೆಂದರೆ ಇನ್ನೊಂದೂ ಬೇಕು.

ಹಾಗಾದರೆ 16 ಯಾವಾಗ ಕೊಡಬೇಕು? ಒಂದು ಆಬ್ಜೆಕ್ಟ್ ಇದೆಯೋ ಇಲ್ಲವೋ ಎಂದು ನೋಡುವಾಗ. ಆಬ್ಜೆಕ್ಟ್ ವಿವರ ತರುವ ಎಪಿಐ ಕರೆದರೆ, ಇಲ್ಲದಿದ್ದಾಗ ಸಿಪಿಎಫ್ 9801 ಬರುತ್ತದೆ. ಅದು ತಪ್ಪಲ್ಲ, ಕೇಳಿದ ಪ್ರಶ್ನೆಗೆ ಉತ್ತರ. ಆದರೆ ಇಲ್ಲಿ ಇನ್ನೊಂದು ಗುಂಡಿ ಇದೆ. ಹುಡುಗರು ಹೇಗೆ ಬರೆಯುತ್ತಾರೆ ಅಂದರೆ, ಬೈಟ್ಸ್ ಅವೈಲಬಲ್ 0 ಅಲ್ಲದಿದ್ದರೆ ಆಬ್ಜೆಕ್ಟ್ ಇಲ್ಲ, ಹಾಗಾದರೆ ಹೊಸದು ಮಾಡು. ಅಲ್ಲಪಾ! 9802 ಬಂದರೂ ಅದು 0 ಅಲ್ಲ. 9802 ಅಂದರೆ ಆಬ್ಜೆಕ್ಟ್ ಇದೆ, ನಿನಗೆ ಅಧಿಕಾರ ಇಲ್ಲ. 9810 ಅಂದರೆ ಲೈಬ್ರರಿಯೇ ಇಲ್ಲ. ಮೂರಕ್ಕೂ ಬೇರೆ ಬೇರೆ ಕೆಲಸ ಬೇಕು. 9801 ಒಂದಕ್ಕೆ ಮಾತ್ರ ‘ಇಲ್ಲ’ ಎಂದು ತಿಳಿಯಿರಿ. ಬೇರೆ ಏನೇ ಬಂದರೂ ಮೇಲಕ್ಕೆ ಕಳಿಸಿ.

ಇನ್ನು ಈ ಸ್ಟ್ರಕ್ಚರ್ ಬರೆಯುವ ವಿಷಯ. ಮೊದಲನೆಯದು, ಐಬಿಎಂ ಪುಸ್ತಕದಲ್ಲಿ ‘ಬೈನರಿ 4’ ಎಂದಿದ್ದರೆ 4 ಬೈಟ್ ಎಂದು ಅರ್ಥ. ಹಳೆ ಆರ್‌ಪಿಜಿಯಲ್ಲಿ 4ಬಿ ಎಂದು ಬರೆದರೆ ಅದು 4 ಅಂಕಿ, ಅಂದರೆ 2 ಬೈಟ್. ಎಲ್ಲವೂ ಎರಡು ಬೈಟ್ ಪಕ್ಕಕ್ಕೆ ಸರಿಯುತ್ತದೆ. ಈಗಿನ ಫ್ರೀ ಫಾರ್ಮ್ಯಾಟ್‌ನಲ್ಲಿ ಇಂಟ್ 10 ಎಂದು ಬರೆಯಿರಿ, ಗೊಂದಲ ಇಲ್ಲ.

ಎರಡನೆಯದು ನನಗೆ ಬಹಳ ಇಷ್ಟವಾದ ತಪ್ಪು. ಇಷ್ಟ ಯಾಕೆಂದರೆ ನೋಡಲು ಎಷ್ಟು ಅಮಾಯಕವಾಗಿದೆ! ಡೇಟಾ ಸ್ಟ್ರಕ್ಚರ್‌ಗೆ ಐಎನ್‌ಜೆಡ್, ಅಂದರೆ ಆರಂಭದ ಬೆಲೆ, ಕೊಡದಿದ್ದರೆ ಆರ್‌ಪಿಜಿ ಅದನ್ನು ಬ್ಲಾಂಕ್‌ನಿಂದ ತುಂಬುತ್ತದೆ. ಈ ಮಷಿನ್ ಎಬ್ಸಿಡಿಕ್ ಎಂಬ ಅಕ್ಷರ ಸಂಕೇತದ್ದು, ಅದರಲ್ಲಿ ಬ್ಲಾಂಕ್ ಅಂದರೆ ಹೆಕ್ಸ್ 40. ನಾಲ್ಕು ಬ್ಲಾಂಕ್ ಸೇರಿ ಒಂದು ಇಂಟಿಜರ್ ಆದರೆ 107 ಕೋಟಿ 79 ಲಕ್ಷ ಚಿಲ್ಲರೆ. ಎಪಿಐ ನೋಡುತ್ತದೆ, ಓಹೋ, ನನಗೆ ನೂರು ಕೋಟಿ ಬೈಟ್‌ಗಿಂತ ಜಾಸ್ತಿ ಜಾಗ ಕೊಟ್ಟಿದ್ದಾರೆ! ತಪ್ಪಾದಾಗ ಎಕ್ಸೆಪ್ಶನ್ ಡೇಟಾ ಪೂರ್ತಿ ಬರೆಯುತ್ತದೆ. ನಿಮ್ಮ ಸ್ಟ್ರಕ್ಚರ್ ಬರೀ 16 ಬೈಟ್ ಇದ್ದರೆ ಉಳಿದದ್ದು ಪಕ್ಕದ ವೇರಿಯೇಬಲ್ ಮೇಲೆ ಹೋಗಿ ಬೀಳಬಹುದು. ಇನ್ವಾಯ್ಸ್ ನಂಬರ್ ಇದ್ದ ಕಡೆ ಲೈಬ್ರರಿ ಹೆಸರು. ಇಂಥದ್ದನ್ನು ಹುಡುಕಲು ಕೂತರೆ ಊಟ ನೆನಪಾಗುವುದಿಲ್ಲ.

ಅದಕ್ಕೇ ಬೈಟ್ಸ್ ಪ್ರೊವೈಡೆಡ್‌ಗೆ ಡಿಕ್ಲೇರ್ ಮಾಡುವಾಗಲೇ ಐಎನ್‌ಜೆಡ್ ಕೊಡಿ, ಆ ಸ್ಟ್ರಕ್ಚರ್‌ನ ಸೈಜ್ ಎಷ್ಟೋ ಅಷ್ಟು. ಕೈಯಲ್ಲಿ 272 ಎಂದು ಬರೆಯಬೇಡಿ, ಸೈಜ್ ಫಂಕ್ಷನ್ ಹಾಕಿ. ನಾಳೆ ಯಾರಾದರೂ 256 ಇದ್ದದ್ದನ್ನು 100 ಮಾಡಿದರೆ ತಾನೇ ಸರಿಹೋಗುತ್ತದೆ. ಲೈಕ್‌ಡಿಎಸ್ ಹಾಕಿ ಅದೇ ಮಾದರಿಯ ಇನ್ನೊಂದು ಸ್ಟ್ರಕ್ಚರ್ ಮಾಡಿದರೆ ಈ ಐಎನ್‌ಜೆಡ್ ತಾನಾಗಿ ಬರುವುದಿಲ್ಲ. ಅದಕ್ಕೆ ಬೇರೆಯಾಗಿ ಐಎನ್‌ಜೆಡ್ ಸ್ಟಾರ್ ಲೈಕ್‌ಡಿಎಸ್ ಎಂದು ಹೇಳಬೇಕು. ಬಿಟ್ಟರೆ ಮತ್ತೆ ನೂರೇಳು ಕೋಟಿ.

ಇದರ ತಮ್ಮನೊಬ್ಬ ಇದ್ದಾನೆ, ಕ್ಲಿಯರ್. ಪ್ರತಿ ಎಪಿಐ ಕರೆಯುವ ಮುಂಚೆ ಚೊಕ್ಕ ಇರಲಿ ಎಂದು ಕೆಲವರು ಎರರ್ ಕೋಡ್‌ಗೆ ಕ್ಲಿಯರ್ ಹಾಕುತ್ತಾರೆ. ಕ್ಲಿಯರ್ ಮಾಡಿದರೆ ಬೈಟ್ಸ್ ಪ್ರೊವೈಡೆಡ್ ಕೂಡ 0. ಆಗ ಎಪಿಐ ಕೂಗುತ್ತದೆ, ಕೆಳಗೆ ನೀವು ಬರೆದ ಇಫ್ ತನಕ ಕಂಟ್ರೋಲ್ ಬರುವುದೇ ಇಲ್ಲ. ಕೋಡ್ ಓದುವವನಿಗೆ ಎಲ್ಲಾ ಸರಿಯಾಗೇ ಕಾಣುತ್ತದೆ. ಕ್ಲಿಯರ್ ಬದಲು ರಿಸೆಟ್ ಹಾಕಿ. ರಿಸೆಟ್ ನೀವು ಐಎನ್‌ಜೆಡ್‌ನಲ್ಲಿ ಕೊಟ್ಟ ಬೆಲೆಗೇ ವಾಪಸ್ ತರುತ್ತದೆ.

ಐಬಿಎಂ ತಾನೇ ಈ ಸ್ಟ್ರಕ್ಚರ್ ಬರೆದು ಕ್ಯೂಸಿಸಿಂಕ್ ಲೈಬ್ರರಿಯಲ್ಲಿ ಇಟ್ಟಿದೆ. ಕಾಪಿ ಮಾಡಿಕೊಳ್ಳಬಹುದು. ಆದರೆ ಎಕ್ಸೆಪ್ಶನ್ ಡೇಟಾ ಎಷ್ಟು ಉದ್ದ ಎಂದು ಅವರು ಹೇಗೆ ಹೇಳುತ್ತಾರೆ? ಅದನ್ನು ಕಾಮೆಂಟ್ ಮಾಡಿ ಬಿಟ್ಟಿದ್ದಾರೆ. ನಾವೇ ಸೇರಿಸಬೇಕು. ಅದೂ ಅಲ್ಲದೆ ಆ ಲೈಬ್ರರಿ ಆಪರೇಟಿಂಗ್ ಸಿಸ್ಟಮ್‌ನ 13ನೇ ಆಪ್ಶನ್. ಕೆಲವು ಮಷಿನ್‌ಗಳಲ್ಲಿ ಹಾಕಿರುವುದೇ ಇಲ್ಲ. ನನ್ನದೇ ಒಂದು ಕಾಪಿ ಮೆಂಬರ್ ಇಟ್ಟುಕೊಂಡಿದ್ದೇನೆ, ಯಾರ ಹಂಗೂ ಇಲ್ಲ.

ಪಟ್ಟಿ ಕೊಡುವ ಎಪಿಐಗಳಲ್ಲಿ ಎರರ್ ಕೋಡ್ ನೋಡಿದರೂ ಸಾಲದು. ಯೂಸರ್ ಸ್ಪೇಸ್‌ನ ಹೆಡರ್‌ನಲ್ಲಿ, ಆಫ್‌ಸೆಟ್ 103ರಲ್ಲಿ ಒಂದು ಅಕ್ಷರ ಇದೆ. ಸಿ ಇದ್ದರೆ ಪಟ್ಟಿ ಪೂರ್ತಿ. ಪಿ ಇದ್ದರೆ ಬಂದದ್ದು ಸರಿ, ಆದರೆ ಪೂರ್ತಿ ಅಲ್ಲ. ಐ ಇದ್ದರೆ ನಂಬಬೇಡಿ. ಆಫ್‌ಸೆಟ್ ಸೊನ್ನೆಯಿಂದ ಎಣಿಸುವುದು, ಆರ್‌ಪಿಜಿ ಒಂದರಿಂದ ಎಣಿಸುತ್ತದೆ. ಹಾಗಾಗಿ ನಿಮ್ಮ ಸ್ಟ್ರಕ್ಚರ್‌ನಲ್ಲಿ ಅದು 104ನೇ ಜಾಗ.

ಕಮಾಂಡ್ ಓಡಿಸುವ ಕ್ಯೂಸಿಎಂಡಿಎಕ್ಸ್‌ಸಿ ಎಂಬ ಪ್ರೋಗ್ರಾಮ್ ಎಲ್ಲರಿಗೂ ಗೊತ್ತು. ಅದಕ್ಕೆ ಎರರ್ ಕೋಡೇ ಇಲ್ಲ. ಸೋತರೆ ಕೂಗುವುದೊಂದೇ. ಅದನ್ನು ಮಾನಿಟರ್ (ತಪ್ಪು ಹಿಡಿಯುವ ಬ್ಲಾಕ್) ಒಳಗೆ ಇಡಬೇಕು. ಇಲ್ಲವೇ ಕಾಲ್‌ಪಿಗೆ (ಕರೆಯುವ ಆಪ್‌ಕೋಡ್‌ಗೆ) ‘ಇ’ ಎಂಬ ಎಕ್ಸ್‌ಟೆಂಡರ್ ಹಾಕಿ ಎರರ್ ಫಂಕ್ಷನ್ ನೋಡಬೇಕು. ಸ್ಟೇಟಸ್ 202 ಬರುತ್ತದೆ, ಆದರೆ 202 ಅಂದರೆ ‘ಕರೆದದ್ದು ಸೋತಿತು’ ಎಂದಷ್ಟೇ. ಯಾಕೆ ಎಂದು ತಿಳಿಯಲು ಪ್ರೋಗ್ರಾಮ್ ಸ್ಟೇಟಸ್ ಡೇಟಾ ಸ್ಟ್ರಕ್ಚರ್‌ನ 40ರಿಂದ 46ನೇ ಜಾಗ ನೋಡಿ. ಅದು ಇಡೀ ಮಾಡ್ಯೂಲ್‌ಗೆ ಒಂದೇ. ಮುಂದಿನ ತಪ್ಪು ಬಂದರೆ ಹಿಂದಿನದು ಅಳಿಸಿಹೋಗುತ್ತದೆ. ಬೇಕಿದ್ದರೆ ಆಗಲೇ ತೆಗೆದಿಟ್ಟುಕೊಳ್ಳಿ. ಮಾನಿಟರ್ ಹಾಕಿ ಆನ್-ಎರರ್ ಕೆಳಗೆ ಏನೂ ಬರೆಯದೆ ಖಾಲಿ ಬಿಡುವವರೂ ಇದ್ದಾರೆ. ಅವರ ಜೊತೆ ಜಗಳ ಮಾಡುವ ಶಕ್ತಿ ನನಗೆ ಈಗ ಇಲ್ಲ.

ಬೈಲಹೊಂಗಲದ ಹುಡುಗನಿಗೆ ಹತ್ತಿರ ಅನ್ನಿಸಿದ್ದು ಐಎಫ್‌ಎಸ್ (ಈ ಮಷಿನ್‌ನ ಫೈಲ್ ಸಿಸ್ಟಮ್) ಎಪಿಐಗಳು. ಓಪನ್, ರೀಡ್, ಕ್ಲೋಸ್. ಇವು ಯೂನಿಕ್ಸ್ ಮನೆಯವು. ಎಸ್ಕೇಪ್ ಇಲ್ಲ, ಎರರ್ ಕೋಡ್ ಸ್ಟ್ರಕ್ಚರ್ ಇಲ್ಲ. ಮೈನಸ್ 1 ವಾಪಸ್ ಕೊಡುತ್ತವೆ, ಕಾರಣವನ್ನು ಎರ್‌ನೋದಲ್ಲಿ ಇಡುತ್ತವೆ. ಆರ್‌ಪಿಜಿಯಲ್ಲಿ ಎರ್‌ನೋ ಎಂಬ ವೇರಿಯೇಬಲ್ ಸೀದಾ ಸಿಗುವುದಿಲ್ಲ. ಅದರ ವಿಳಾಸ ಕೊಡುವ ಒಂದು ಫಂಕ್ಷನ್ ಇದೆ, ಹೆಸರಿನ ಮುಂದೆ ಎರಡು ಅಂಡರ್‌ಸ್ಕೋರ್, ಎಲ್ಲಾ ಸಣ್ಣ ಅಕ್ಷರ. ಪ್ರೊಟೊಟೈಪ್‌ನಲ್ಲಿ ಕೋಟ್ ಒಳಗೆ ಹಾಗೇ ಬರೆಯಬೇಕು. ಅದು ಕೊಟ್ಟ ಪಾಯಿಂಟರ್ ಮೇಲೆ ಒಂದು ಇಂಟಿಜರ್ ಕೂರಿಸಿದರೆ ನಂಬರ್ ಕಾಣುತ್ತದೆ.

ಹುಡುಗ ಅಲ್ಲಿ 2 ಹುಡುಕುತ್ತಿದ್ದ. ಲಿನಕ್ಸ್‌ನಲ್ಲಿ ಫೈಲ್ ಇಲ್ಲ ಅಂದರೆ 2. “ಅಕ್ಕಾರ, 3025 ಅಂತ ಏನೋ ಕಸ ಬಂದೈತ್ರಿ” ಅಂದ. ಕಸ ಅಲ್ಲ, ಇಲ್ಲಿ ಫೈಲ್ ಇಲ್ಲ ಅಂದರೆ 3025. ಅನುಮತಿ ಇಲ್ಲ ಅಂದರೆ 3401. ಆ ನಂಬರ್ ಮುಂದೆ ಸಿಪಿಇ ಸೇರಿಸಿದರೆ ಅದೇ ಒಂದು ಮೆಸೇಜ್ ಐಡಿ. ಸಿಪಿಇ 3025 ಎಂದು ಸಿಸ್ಟಮ್ ಮೆಸೇಜ್ ಫೈಲ್‌ನಲ್ಲಿ ನೋಡಿದರೆ ಅರ್ಥ ಅಲ್ಲೇ ಇದೆ. ಅವನಿಗೆ ಇದು ಭಾರೀ ಖುಷಿ ಕೊಟ್ಟಿತು. ಒಂದು ಎಚ್ಚರ. ಕೆಲಸ ಸರಿಯಾದಾಗ ಎರ್‌ನೋ ತಾನಾಗಿ 0 ಆಗುವುದಿಲ್ಲ, ಹಳೇ ನಂಬರೇ ಉಳಿದಿರಬಹುದು. ಮೊದಲು ಮೈನಸ್ 1 ನೋಡಿ, ಆಮೇಲೆ ಎರ್‌ನೋ. ನಡುವೆ ಬೇರೆ ಯಾವ ಫಂಕ್ಷನ್ನೂ ಕರೆಯಬೇಡಿ.

ಐಡಿ ಸಿಕ್ಕ ಮೇಲೆ ಅದನ್ನು ಮನುಷ್ಯರು ಓದುವ ಹಾಗೆ ಮಾಡುವುದು ಇನ್ನೊಂದು ಕೆಲಸ. 9801ರ ಮೆಸೇಜ್‌ನಲ್ಲಿ ಆಬ್ಜೆಕ್ಟ್ ಹೆಸರು, ಲೈಬ್ರರಿ ಹೆಸರು ಇರಬೇಕಾದ ಕಡೆ ಖಾಲಿ ಇರುತ್ತದೆ. ಎಕ್ಸೆಪ್ಶನ್ ಡೇಟಾವನ್ನು ಮೆಸೇಜ್ ತರುವ ಎಪಿಐಗೆ ಕೊಟ್ಟರೆ ಅದು ಹೆಸರು ತುಂಬಿ ಪೂರ್ತಿ ವಾಕ್ಯ ಕೊಡುತ್ತದೆ. ನಾನು ಹಾಗೆ ಮಾಡುವುದು ಕಡಿಮೆ. ಅದೇ ಐಡಿ, ಅದೇ ಡೇಟಾ ತೆಗೆದುಕೊಂಡು ಮೆಸೇಜ್ ಕಳಿಸುವ ಎಪಿಐನಿಂದ ನನ್ನನ್ನು ಕರೆದವರಿಗೆ ಎಸ್ಕೇಪ್ ಆಗಿ ಕಳಿಸಿಬಿಡುತ್ತೇನೆ. ಮೂಲ ಮೆಸೇಜ್ ಹೆಸರಿನ ಸಮೇತ ಜಾಬ್‌ಲಾಗ್‌ಗೆ ಹೋಗುತ್ತದೆ. ಆಪರೇಟರ್ ಅದರ ಮೇಲೆ ಕರ್ಸರ್ ಇಟ್ಟು ಎಫ್1 ಒತ್ತಿದರೆ ವಿವರವೂ ಬರುತ್ತದೆ. ‘ಸಮ್‌ಥಿಂಗ್ ವೆಂಟ್ ರಾಂಗ್’ ಎಂದು ನಾವೇ ಬರೆದ ಮೆಸೇಜ್‌ಗಿಂತ ಇದು ಸಾವಿರ ಪಾಲು ವಾಸಿ.

ಆ ಮೆಸೇಜ್ ಕಳಿಸುವ ಎಪಿಐಗೂ ಕೊನೆಯಲ್ಲಿ ಎರರ್ ಕೋಡ್ ಬೇಕು. ಅಲ್ಲಿ ಯಾವಾಗಲೂ 0. ತಪ್ಪನ್ನು ತಿಳಿಸಲು ಹೋದವನೇ ತಪ್ಪಿ ಬಿದ್ದು ಸುಮ್ಮನಿದ್ದರೆ ಇನ್ನು ಯಾರನ್ನು ಕೇಳುವುದು?

2022ರಲ್ಲಿ ಬಂದ ಐಬಿಎಂ ಐ 7.5ರಲ್ಲಿ ಆರ್‌ಪಿಜಿಗೆ ಎರಡು ಒಳ್ಳೆ ಆಪ್‌ಕೋಡ್ ಬಂದವು, ಪಿಟಿಎಫ್ (ಐಬಿಎಂ ಕೊಡುವ ತಿದ್ದುಪಡಿ) ಹಾಕಿದರೆ 7.4ರಲ್ಲೂ ಸಿಗುತ್ತವೆ. ಎಸ್‌ಎನ್‌ಡಿ-ಎಂಎಸ್‌ಜಿ ಬಂದ ಮೇಲೆ ಮೆಸೇಜ್ ಕಳಿಸಲು ಆ ಉದ್ದ ಎಪಿಐ ಬೇಡ. ಆನ್-ಎಕ್ಸ್‌ಸಿಪಿ ಇನ್ನೂ ಚೆಂದ. ಮಾನಿಟರ್ ಒಳಗೆ ಸೀದಾ ಸಿಪಿಎಫ್ 9801 ಎಂದು ಹೆಸರು ಹಿಡಿದೇ ಬರೆಯಬಹುದು. ಅದೊಂದನ್ನು ಮಾತ್ರ ಹಿಡಿಯುತ್ತದೆ. 9802 ಬಂದರೆ ಮುಟ್ಟುವುದಿಲ್ಲ, ಮೇಲೆ ಹೋಗುತ್ತದೆ. ಅಂದರೆ ಎಲ್ಲಾ ಎಪಿಐಗೂ 0 ಕೊಟ್ಟು, ಬೇಕಾದ ಐಡಿಯನ್ನು ಮಾತ್ರ ಹಿಡಿದರಾಯ್ತು. ಬೈಟ್ಸ್ ಅವೈಲಬಲ್ ನೋಡುವ ಇಫ್‌ಗಳೆಲ್ಲ ಹೋಗುತ್ತವೆ.

ಹುಡುಗ ಇದನ್ನು ಓದಿ ಎಲ್ಲಾ ಪ್ರೋಗ್ರಾಮ್‌ಗಳನ್ನೂ ಇವತ್ತೇ ಬದಲಿಸೋಣ್ರಿ ಎಂದು ಕೂತಿದ್ದಾನೆ. ಬ್ಯಾಕಪ್ ಮಷಿನ್ ಇನ್ನೂ 7.3ರಲ್ಲೇ ಇದೆ. ಮೇನ್ ಮಷಿನ್ ಮೇಲೆ ಕಂಪೈಲ್ ಆದದ್ದು ಅಲ್ಲಿ ಕಂಪೈಲೇ ಆಗುವುದಿಲ್ಲ. ಅಪ್‌ಗ್ರೇಡ್ ಯಾವಾಗ ಎಂದು ಕ್ಲೈಂಟ್‌ಗೆ ಮೇಲ್ ಹಾಕಿದ್ದೇನೆ. ಅಲ್ಲಿಯವರೆಗೆ ಆ ಮೂರು ಎಪಿಐಗಳ ಕೊನೆಯ ಪ್ಯಾರಾಮೀಟರ್‌ನಲ್ಲಿ 0 ಇಡಿಸಿದ್ದೇನೆ.